ಸಿಹಿನೀರಿಗೂ ಉಪ್ಪುನೀರಿಗೂ ಒಗ್ಗುವ ಮೀನು

ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಅಘನಾಶಿನಿಯ ಅಳಿವೆಯಲ್ಲಿ ಮಳೆಗಾಲದ ನೀರು ಬಹುಪಾಲು ಸಿಹಿ. ಬೇಸಿಗೆಯಲ್ಲಿ ಹೆಚ್ಚುಕಡಿಮೆ ಕಡಲಿನಷ್ಟೇ ಉಪ್ಪು. ಕಗ್ಗ ಭತ್ತ ಬೆಳೆಯುವ ಇಲ್ಲಿನ ಗಜನಿ ಗದ್ದೆಗಳಲ್ಲಿ ಮೀನು, ಸೀಗಡಿ ಕೃಷಿಯೂ ಉಂಟು. ಈ ಏರಿಳಿತವನ್ನು ತಾಳಬಲ್ಲ ಮೀನಿಗಷ್ಟೇ ಇಲ್ಲಿ ಉಳಿಗಾಲ.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಮೀನಿನ ರಕ್ತದಲ್ಲಿರುವುದು ಅದರ ಮೂರನೆಯ ಒಂದು ಪಾಲು ಮಾತ್ರ. ಹೀಗಾಗಿ ಕಡಲಲ್ಲಿ ಮೀನಿನ ದೇಹ ಸದಾ ನೀರು ಕಳೆದುಕೊಳ್ಳುತ್ತದೆ; ನೀರಿನಲ್ಲಿದ್ದೂ ಅದು ನೀರು ಕುಡಿಯಬೇಕು! ಜತೆಗೆ ಬಂದ ಉಪ್ಪನ್ನು ಹೊರದೂಡುವ ಕಿವಿರಿನ ವಿಶೇಷ ಜೀವಕೋಶಗಳನ್ನು 1932ರಲ್ಲಿ ಕೀಸ್ ಮತ್ತು ವಿಲ್ಮರ್ ಹಾವುಮೀನಿನಲ್ಲಿ ಗುರುತಿಸಿದರು. ಸಿಹಿನೀರಿನಲ್ಲಿ ಕೆಲಸ ತದ್ವಿರುದ್ಧ: ಕಿವಿರು ಉಪ್ಪನ್ನು ಒಳಗೆಳೆದುಕೊಳ್ಳುತ್ತದೆ, ಮೂತ್ರಪಿಂಡ ಹೆಚ್ಚುವರಿ ನೀರನ್ನು ಹೊರಹಾಕುತ್ತದೆ. ಆದರೆ ಈ ಮಾರ್ಪಾಡು ಕ್ಷಣಾರ್ಧದ್ದಲ್ಲ. ಕಾರ್ಟಿಸಾಲ್, ಪ್ರೊಲ್ಯಾಕ್ಟಿನ್ ಹಾರ್ಮೋನುಗಳ ಪ್ರೇರಣೆಯಿಂದ ಕೋಶಗಳು ಮರುರೂಪ ಪಡೆಯಲು ದಿನಗಳೇ ಹಿಡಿಯುತ್ತವೆ.

ಕಡಲ ನೀರಿನ ಮರಿ ಉತ್ಪಾದನಾ ಕೇಂದ್ರದಲ್ಲಿ ಹುಟ್ಟಿದ ಸೀಬಾಸ್ ಮರಿಗಳನ್ನು ಕೊಳಕ್ಕೆ ಬಿಡುವ ಮುನ್ನ ಉಪ್ಪಿನಂಶವನ್ನು ಹಂತಹಂತವಾಗಿ ಇಳಿಸುವುದು ಇದೇ ಕಾರಣಕ್ಕೆ. ಅವಸರಪಟ್ಟರೆ ಬಂಡವಾಳವೇ ನೀರುಪಾಲು. ಬೆಂಗಳೂರಿನ ಮಾರುಕಟ್ಟೆಗೆ ಚಿರಪರಿಚಿತವಾದ ಕಾಟ್ಲಾ, ರೋಹುಗಳಿಗೆ ಈ ಸಾಮರ್ಥ್ಯ ಅತ್ಯಲ್ಪ, ತಿಲಾಪಿಯಾಕ್ಕೆ ಧಾರಾಳ. ಅಳಿವೆಯ ಕೃಷಿಕ ತಳಿ ಆರಿಸುವಾಗ ಬೆಲೆಗಿಂತ ಮೊದಲು ನೋಡಬೇಕಾದದ್ದು ಇದನ್ನೇ.