ಪೋಟಗಿ ಬಂದ್ರ ಎರಡ್ ಸಾವಿರ ನಿಲ್ಲತೈತೇನು?

2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಹಾಕೋ ಗದ್ದಲ ನಡೆದಿದ್ದಾಗ ನಾನು ರಜೆ ಹಾಕಿ ಕುಬಿಹಾಳಕ್ಕೆ ಹೋಗಿದ್ದೆ. ಊರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಅರ್ಜಿ ತುಂಬೋನು ಅಂತಲೇ ಅರ್ಥ. ಗಂಡ ಕೈಬಿಟ್ಟ ಮೇಲೆ ಎರಡು ಮಕ್ಕಳ ಜೊತೆ ತವರಿಗೆ ಬಂದ ನಮ್ಮ ಓಣಿಯ ಅಕ್ಕ ಕೇಳಿದಳು: “ತಮ್ಮಾ, ಕೋರ್ಟಿನ್ಯಾಗ ಪೋಟಗಿ ಕೇಸ್ ಹಾಕೇನಿ. ಅದು ಬಂದ್ರ ಸರಕಾರದ ಎರಡ್ ಸಾವಿರ ನಿಲ್ಲತೈತೇನು?”

ಪೋಟಗಿ ಅಂದರೆ ಜೀವನಾಂಶ. ಮರಾಠಿಯ ‘ಪೋಟ್’, ಅಂದರೆ ಹೊಟ್ಟೆ, ಅದರಿಂದ ಬಂದ ಮಾತು. 1956ರ ತನಕ ಮುಂಬೈ ರಾಜ್ಯದಲ್ಲಿದ್ದ ಸೀಮೆ ನಮ್ಮದು, ಬಾಯಲ್ಲಿ ಉಳಿದುಬಿಟ್ಟಿದೆ.

ಗೃಹಲಕ್ಷ್ಮಿ ನಿಲ್ಲೋದಿಲ್ಲ ಅಂದೆ. ಅದರಲ್ಲಿ ನೋಡೋದು ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟೋರಾ ಅಂತ. ಆದರೆ ಅಕ್ಕನ ತೊಂದರೆ ಬೇರೇನೇ. ದುಡ್ಡು ರೇಷನ್ ಕಾರ್ಡಿನ ಯಜಮಾನಿಗೆ ಮಾತ್ರ. ಅಕ್ಕನ ಹೆಸರು ಅವ್ವನ ಕಾರ್ಡಿನಲ್ಲಿ.

ಬೆಂಗಳೂರಿಗೆ ಬಂದ ಮೇಲೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಹುಡುಕುತ್ತಾ ಹೋದಾಗ ಒಂದು ವಿಚಿತ್ರ ಕಂಡಿತು. ಪೋಟಗಿ ಇರೋದು ಕಳ್ಳರನ್ನ ಹಿಡಿಯೋ ಕಾನೂನಿನಲ್ಲಿ! 1898ರ ಬ್ರಿಟಿಷರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಂ. ಬಿಟ್ಟುಹೋದ ಹೆಂಡತಿ ಮಕ್ಕಳು ಬೀದಿಗೆ ಬಿದ್ದು ಅಲೆಯಬಾರದು, ಅದಕ್ಕೆ ಮ್ಯಾಜಿಸ್ಟ್ರೇಟರು ಗಂಡನಿಂದ ದುಡ್ಡು ಕೊಡಿಸಲಿ ಅನ್ನೋದು ಅದರ ಲೆಕ್ಕ. ಸರಕಾರದ ಪಿಂಚಣಿ ಅನ್ನೋದೇ ಇರದ ಕಾಲ ಅದು, ಗಂಡನೇ ಪಿಂಚಣಿ. ಮಿತಿ ತಿಂಗಳಿಗೆ 50 ರೂಪಾಯಿ. 1923ರಲ್ಲಿ 100, 1955ರಲ್ಲಿ 500. 1973ರ ಹೊಸ ಸಂಹಿತೆಯಲ್ಲಿ ಅದೇ ಕಲಂ 125 ಆಯಿತು, ಮಿತಿ ಮಾತ್ರ 500ರಲ್ಲೇ ನಿಂತಿತು. ತೆಗೆದಿದ್ದು 2001ರಲ್ಲಿ. ನಲವತ್ತಾರು ವರ್ಷ ಪಗಾರ ಏರದ ನೌಕರಿ ಇದೊಂದೇ ಇರಬೇಕು. 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ ಅದು ಕಲಂ 144.

ಸರಕಾರದ ದುಡ್ಡು ಬಂದಿದ್ದು ಬೇರೆ ದಾರಿಯಲ್ಲಿ. ಕರ್ನಾಟಕದಲ್ಲಿ ನಿರ್ಗತಿಕ ವಿಧವೆಯರ ಪಿಂಚಣಿ 1984ರಲ್ಲಿ ಶುರುವಾಯಿತು. ಅವಿವಾಹಿತ, ವಿಚ್ಛೇದಿತ ಹೆಂಗಸರಿಗೆ ‘ಮನಸ್ವಿನಿ’ ಬರೋದಕ್ಕೆ 2013 ಆಗಬೇಕಾಯಿತು, ಅದೂ 40 ದಾಟಿದವರಿಗೆ. ಅಕ್ಕನಿಗೆ ಇನ್ನೂ 32, ಸೋಡಚೀಟಿನೂ ಆಗಿಲ್ಲ. ಸತ್ತ ಗಂಡನಿಗೆ ಸರ್ಟಿಫಿಕೇಟ್ ಸಿಗುತ್ತೆ, ಬಿಟ್ಟುಹೋದ ಗಂಡನಿಗೆ ಸಿಗೋದಿಲ್ಲ. ಈ ಪಿಂಚಣಿಗಳಿಗೆ ಈಚಿನ ವರ್ಷಗಳಲ್ಲಿ ಕೇಳೋ ಆದಾಯ ಮಿತಿ ವರ್ಷಕ್ಕೆ 32,000. ತಿಂಗಳಿಗೆ 2,666 ರೂಪಾಯಿ ಆಯಿತು. ಕೋರ್ಟು 3,000 ಪೋಟಗಿ ಕೊಟ್ಟರೆ, ಅದನ್ನ ಆದಾಯ ಅಂತ ಹಿಡಿದರೆ, ಮಿತಿ ದಾಟಿದಂಗೆ.

ಅಮೆರಿಕದಲ್ಲಿ ಈ ಎರಡು ದುಡ್ಡಿನ ಲೆಕ್ಕವನ್ನ 1975ರಲ್ಲೇ ಕೂಡಿಸಿಬಿಟ್ಟರು. ಸರಕಾರದಿಂದ ನಗದು ನೆರವು ಬೇಕಾದ ತಾಯಿ, ಮಕ್ಕಳ ಪೋಟಗಿಯ ಹಕ್ಕನ್ನ ಸರಕಾರಕ್ಕೇ ಬರೆದುಕೊಡಬೇಕು. ಅಪ್ಪ ಕಟ್ಟಿದ್ದು ಮಗುವಿಗಲ್ಲ, ಖಜಾನೆಗೆ. ಕೊಟ್ಟ ನೆರವಿನ ವಸೂಲಿ ಅಂತ. ಮಗುವಿಗೆ ಮುಟ್ಟದ ದುಡ್ಡನ್ನ ಯಾವ ಅಪ್ಪ ಖುಷಿಯಿಂದ ಕಟ್ಟಿಯಾನು? 1984ರಲ್ಲಿ ತಿಂಗಳ ಮೊದಲ 50 ಡಾಲರ್ ತಾಯಿಗೇ ಸೇರಲಿ, ನೆರವಿನಲ್ಲಿ ಅದನ್ನ ಕಳೆಯೋದು ಬೇಡ ಅಂತ ಮಾಡಿದರು. 1996ರಲ್ಲಿ ಆ ಕಡ್ಡಾಯವನ್ನೂ ತೆಗೆದು ಆಯಾ ರಾಜ್ಯದ ಇಷ್ಟಕ್ಕೆ ಬಿಟ್ಟರು. ಇದು ನನಗೆ ಸರಿ ಕಾಣೋದಿಲ್ಲ. ಆದರೆ ಅಲ್ಲಿ ಅಪ್ಪನ ಬೆನ್ನು ಹತ್ತೋದು ಸರಕಾರ, ಪಗಾರದಲ್ಲೇ ಹಿಡಿದುಕೊಳ್ಳುತ್ತೆ. ನಮ್ಮಲ್ಲಿ ಸರಕಾರ ಕಿತ್ತುಕೊಳ್ಳೋದೂ ಇಲ್ಲ, ಬೆನ್ನು ಹತ್ತೋದೂ ಇಲ್ಲ. ಬಾಕಿ ಬಿದ್ದರೆ ಹೆಂಗಸೇ ಒಂದು ವರ್ಷದೊಳಗೆ ಮತ್ತೆ ಕೋರ್ಟಿಗೆ ಅರ್ಜಿ ಹಾಕಬೇಕು. ಆಮೇಲೆ ವಾರಂಟು, ಅದಕ್ಕೂ ಬಗ್ಗದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳ ತನಕ ಜೈಲು.

ಹೋದ ವರ್ಷ ಅಕ್ಕನಿಗೆ ಆದೇಶ ಆಯಿತು. ಮಕ್ಕಳಿಗೆ ತಲಾ 1,500. ಮೂರು ತಿಂಗಳು ಬಂತು, ನಿಂತಿತು. ಈಗ ಮತ್ತೆ ವಕೀಲರು, ಮತ್ತೆ ತಾರೀಖು. ಈ ನಡುವೆ ತನ್ನದೇ ರೇಷನ್ ಕಾರ್ಡು ಮಾಡಿಸಬೇಕು ಅಂತ ಆದಾಯ ಪ್ರಮಾಣಪತ್ರಕ್ಕೆ ಹೊರಟಿದ್ದಾಳೆ. ಮೊನ್ನೆ ಫೋನ್ ಮಾಡಿದಳು. “ವರ್ಷದ ಆದಾಯ ಬರಿ ಅಂತಾರೋ ತಮ್ಮಾ. ಬಂದ ಒಂಬತ್ತ್ ಸಾವಿರ ಬರೀಲ್ಯೋ, ಬರಬೇಕಾದ ಮೂವತ್ತಾರ್ ಸಾವಿರ ಬರೀಲ್ಯೋ?”