ನೈನೀತಾಲ ಸರೋವರ

ಜಲಾಶಯಗಳನ್ನು ಕಾಣುವ ದೃಷ್ಟಿಯು ನಮ್ಮ ದೇಶದಲ್ಲಿ ಪ್ರಾಚೀನಕಾಲದಿಂದಲೂ ಎರಡು ಬಗೆಯಾಗಿದೆ. ತೀರ್ಥವೆಂದು ಭಾವಿಸಿದವರು ಅಲ್ಲಿ ಸ್ನಾನಮಾಡಿ, ಅರ್ಘ್ಯವನ್ನಿತ್ತು, ಕೈಮುಗಿದು ಹಿಂದಿರುಗುವರು. ವಿಹಾರಸ್ಥಾನವೆಂದು ಬಗೆದವರು ಅಲ್ಲಿ ದೋಣಿ ನಡೆಸಿ, ಗಾಳ ಹಾಕಿ, ತಂಗಾಳಿಯನ್ನು ಸವಿದು ಸಂತೋಷಪಡುವರು. ಎರಡನೆಯದು ಪಾಶ್ಚಾತ್ಯರು ಕಲಿಸಿದ ಹೊಸ ವಿದ್ಯೆಯೆಂದು ಯಾರೂ ತಿಳಿಯಬೇಕಾಗಿಲ್ಲ; ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದೆಂದು ನಮ್ಮ ಆಲಂಕಾರಿಕರೇ ಎಣಿಸಿರುವರು. ಆದರೆ ಒಂದೇ ನೀರಿನ ಮೇಲೆ ಈ ಎರಡು ದೃಷ್ಟಿಗಳೂ ಎದುರುಬದುರಾಗಿ ನಿಂತಾಗ ಏನಾಗುವುದೆಂಬುದನ್ನು ತಿಳಿಯಬೇಕಾದರೆ ಕುಮಾಊಂ ಪ್ರಾಂತದ ನೈನೀತಾಲ ಸರೋವರದ ಚರಿತ್ರೆಯನ್ನು ನೋಡಬೇಕು.

ನಮ್ಮ ನಾಡಿನ ಕುಟುಂಬಗಳು ಬೇಸಗೆಯಲ್ಲಿ ಹೆಚ್ಚಾಗಿ ಹೋಗಿಬರುವ ಉದಕಮಂಡಲದ ಕೆರೆಯು ಮನುಷ್ಯಕೃತವಾದುದು. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ನನು 1823ರ ಸುಮಾರಿನಲ್ಲಿ ಅದನ್ನು ಕಟ್ಟಿಸಲು ಆರಂಭಿಸಿದನು. ಕೊಡೈಕನಾಲಿನ ಕೆರೆಯೂ ಅಂತಹುದೇ. 1863ರಲ್ಲಿ ಲೆವಿಂಜ್ ಎಂಬ ಅಧಿಕಾರಿಯಿಂದ ನಿರ್ಮಿತವಾಯಿತು. ನೈನೀತಾಲವಾದರೋ ಪ್ರಕೃತಿಯೇ ರಚಿಸಿದ ಸರೋವರ. ಸಮುದ್ರಮಟ್ಟದಿಂದ ಸುಮಾರು 6,350 ಅಡಿಗಳೆತ್ತರದಲ್ಲಿ, ಮೂರು ಕಡೆ ಕಡಿದಾದ ಬೆಟ್ಟಗಳ ನಡುವೆ, ಸುಮಾರು 120 ಎಕರೆಗಳಷ್ಟು ವಿಸ್ತಾರವಾಗಿ ಅದು ಹರಡಿಕೊಂಡಿದೆ. ಅತ್ಯಂತ ಆಳವಾದ ಕಡೆ ನೀರು ತೊಂಬತ್ತು ಅಡಿಗಳಿಗೆ ಸಮೀಪವಾಗುವುದು. ಮೇಲಣ ತುದಿಯ ಪೇಟೆಗೆ ಮಲ್ಲೀತಾಲವೆಂದೂ ಕೆಳಗಣ ತುದಿಯದಕ್ಕೆ ತಲ್ಲೀತಾಲವೆಂದೂ ಹೆಸರು. ಹೆಚ್ಚಾದ ನೀರು ತಲ್ಲೀತಾಲದ ಕಡೆಯಿಂದ ಬಲಿಯಾ ನಾಲೆಯಾಗಿ ಹರಿದುಹೋಗುವುದು. ಉತ್ತರದಲ್ಲಿ ಶೇರ್-ಕಾ-ಡಾಂಡಾ ಎಂಬ ಬೆಟ್ಟವಿದೆ. ಅದರ ಮೈಯೆಲ್ಲ ಬಿರುಕು ಬಿಟ್ಟ ಪದರುಗಲ್ಲು. ಈ ಪದರುಗಲ್ಲಿನ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಣ ಕಥೆಯಲ್ಲಿ ಅದಕ್ಕೆ ಪ್ರಧಾನಸ್ಥಾನವಿದೆ.

ಸ್ಕಾಂದಪುರಾಣದ ಮಾನಸಖಂಡವೆಂದು ಪ್ರಸಿದ್ಧವಾದ ಭಾಗದಲ್ಲಿ ಈ ಜಲಾಶಯಕ್ಕೆ ತ್ರಿಋಷಿ ಸರೋವರವೆಂದು ಹೆಸರು. ಅತ್ರಿ, ಪುಲಸ್ತ್ಯ, ಪುಲಹರೆಂಬ ಮೂವರು ಮಹರ್ಷಿಗಳು ಇಲ್ಲಿಗೆ ಬಂದಾಗ ನೀರು ದೊರೆಯದೆ, ಒಂದು ಕುಳಿಯನ್ನು ತೋಡಿ ಮಾನಸಸರೋವರದ ಜಲವನ್ನೇ ಅದರಲ್ಲಿ ತುಂಬಿದರೆಂದು ಐತಿಹ್ಯ. ಸತೀದೇವಿಯ ನಯನವು ಇಲ್ಲಿ ಬಿದ್ದುದರಿಂದ ಇದು ನೈನಿಯಾಯಿತೆಂದು ಜನರ ನಂಬಿಕೆ. ಸುತ್ತಣ ಹಳ್ಳಿಯವರು ದೇವಿಯ ಜಾತ್ರೆಗೆಂದು ಬಂದು ಪೂಜೆ ಸಲ್ಲಿಸಿ ಹೊರಟುಹೋಗುತ್ತಿದ್ದರಲ್ಲದೆ, ದಡದಲ್ಲಿ ಊರು ಕಟ್ಟಿರಲಿಲ್ಲ. 1815ರಲ್ಲಿ ಗೂರ್ಖರಿಂದ ಕುಮಾಊಂ ಪ್ರಾಂತವು ಕುಂಪಣಿಯ ವಶವಾದ ಮೇಲೆಯೂ ಇದೇ ಸ್ಥಿತಿಯಿತ್ತು. ಪ್ರಾಂತದ ಕಮಿಷನರನಾಗಿದ್ದ ಟ್ರೇಲ್ ಎಂಬವನು ಸರೋವರವನ್ನು ಕಂಡಿದ್ದರೂ, ಗಿರಿಜನರ ಭಕ್ತಿಭಾವಕ್ಕೆ ಭಂಗ ಬರಬಾರದೆಂದು ಅದನ್ನು ಪ್ರಚಾರಪಡಿಸಲಿಲ್ಲವೆಂದು ಹೇಳುವರು. ಆ ಮಾತು ನಿಜವಾದರೆ ಅಧಿಕಾರಸ್ಥನಲ್ಲಿ ಅಪೂರ್ವವಾದ ಸಂಯಮವೆನ್ನಬೇಕು.

ಈ ಮೌನವು 1841ರಲ್ಲಿ ಮುರಿಯಿತು. ಶಾಹಜಹಾನಪುರದ ಕಡೆಯ ಸಕ್ಕರೆಯ ವ್ಯಾಪಾರಿ ಬ್ಯಾರನ್ ಎಂಬ ಆಂಗ್ಲೇಯನು ಹಿಮಾಲಯದಲ್ಲಿ ಸಂಚರಿಸುತ್ತ ಸರೋವರವನ್ನು ಹುಡುಕಿಕೊಂಡು ಹೊರಟನು. ದಾರಿ ಕೇಳಿದರೆ ಹಳ್ಳಿಯವರು ಅಂತಹ ಸರೋವರವೇ ತಮಗೆ ತಿಳಿಯದೆಂದರು. ಆಗ ಅವನು ಹೂಡಿದ ಉಪಾಯವು ಪ್ರಸಿದ್ಧವಾಗಿದೆ. ಒಬ್ಬನ ತಲೆಯ ಮೇಲೆ ಭಾರವಾದ ಕಲ್ಲನ್ನು ಹೊರಿಸಿ, ನೈನೀತಾಲದಲ್ಲಿ ಕಲ್ಲುಗಳೇ ಇಲ್ಲವಂತೆ, ಇದನ್ನು ಅಲ್ಲಿಗೆ ಮುಟ್ಟಿಸಬೇಕೆಂದು ಅಪ್ಪಣೆಮಾಡಿದನು. ಸ್ವಲ್ಪ ದೂರ ಹೊತ್ತು ಬಳಲಿದ ಆ ಬಡವನು, ಅಲ್ಲಿ ಬೇಕಾದಷ್ಟು ಕಲ್ಲುಗಳಿವೆಯೆಂದು ಬಾಯಿಬಿಟ್ಟನು. ಕಂಡವನಿಗಲ್ಲದೆ ಈ ಮಾತು ಹೇಗೆ ತಿಳಿದೀತು? ಅಲ್ಲಿಗೆ ಅವನೇ ದಾರಿ ತೋರಿಸಬೇಕಾಯಿತು. ಈ ಕಥೆಯನ್ನು ಚಾತುರ್ಯದ ನಿದರ್ಶನವೆಂದು ನಗುನಗುತ್ತ ಹೇಳುವುದು ರೂಢಿ. ಆದರೆ ಹೊತ್ತವನ ಕಡೆಯಿಂದ ನೋಡಿದರೆ, ದೇವಿಯ ಸನ್ನಿಧಿಯನ್ನು ಪರರಿಗೆ ತೋರಿಸಬಾರದೆಂಬ ಒಬ್ಬ ಸಾಮಾನ್ಯನ ವ್ರತವು ಅಂದು ಭಂಗವಾಯಿತು.

ಬ್ಯಾರನ್ನನು ಪಿಲ್‌ಗ್ರಿಮ್, ಅಂದರೆ ಯಾತ್ರಿಕ, ಎಂಬ ಹೆಸರಿನಲ್ಲಿ ತನ್ನ ಸಂಚಾರವನ್ನು ಬರೆದು ಪ್ರಕಟಿಸಿದನು. ಮನೆಗಳನ್ನು ಕಟ್ಟುವುದಕ್ಕೆ ಜನರು ಮುಂದಾದರು. ಆಗ ನರಸಿಂಹನೆಂಬ ಸ್ಥಳೀಯ ತೋಕ್‌ದಾರನು, ಎಂದರೆ ಗ್ರಾಮಗಳ ಮುಖ್ಯಸ್ಥನು, ಈ ಕಣಿವೆಯೆಲ್ಲ ತನ್ನದೆಂದು ಹಕ್ಕು ಸಾಧಿಸಿದನು. ಬ್ಯಾರನ್ನನು ಮುಂದಣ ವರ್ಷ ಬೆಟ್ಟದ ಮೇಲಕ್ಕೆ ಒಂದು ದೋಣಿಯನ್ನು ಸಾಗಿಸಿ ತಂದಿದ್ದನು. ಸರೋವರದ ಮೇಲೆ ಹಿಂದೆಂದೂ ತೇಲದ ಆ ದೋಣಿಯಲ್ಲಿ ನರಸಿಂಹನನ್ನು ಕುಳ್ಳಿರಿಸಿಕೊಂಡು ನಡುನೀರಿಗೆ ಹೋಗಿ, ಹಕ್ಕನ್ನು ಬಿಟ್ಟುಕೊಡುವುದಾಗಿ ಬರೆದುಕೊಡದಿದ್ದರೆ ಇಲ್ಲಿಯೇ ಮುಳುಗಿಸುವೆನೆಂದು ಬೆದರಿಸಿದನೆಂದೂ, ಈಜುಬಾರದ ನರಸಿಂಹನು ಅಲ್ಲಿಯೇ ರುಜುಹಾಕಿದನೆಂದೂ ಕಥೆಯು ನಡೆದುಬಂದಿದೆ. ಬೆದರಿಕೆಯು ಪರಿಹಾಸಕ್ಕಾಗಿ ಎಂದು ಕೆಲವರು ಸಮಾಧಾನ ಹೇಳುವುದುಂಟು. ನಡುನೀರಿನಲ್ಲಿ ಕುಳಿತವನಿಗೆ ಪರಿಹಾಸವಾವುದು, ಸತ್ಯವಾವುದು? ಇಂದು ಸಹಸ್ರಾರು ಜನರು ನಲಿದಾಡುವ ನೌಕಾವಿಹಾರಕ್ಕೆ ಆ ಸರೋವರದಲ್ಲಿ ನಾಂದಿಯಾದುದು ಹೀಗೆ.

ತರುವಾಯ ಊರು ಬೇಗನೆ ಬೆಳೆಯಿತು. 1862ರಲ್ಲಿ ವಾಯವ್ಯ ಪ್ರಾಂತಗಳ ಸರಕಾರಕ್ಕೆ ಇದು ಬೇಸಗೆಯ ರಾಜಧಾನಿಯಾಯಿತು. ದಡದಲ್ಲಿ ರಸ್ತೆ, ಇಳಿಜಾರಿನಲ್ಲಿ ಬಂಗಲೆಗಳು, ನೀರಿನ ಮೇಲೆ ಹುಟ್ಟು ಹಾಕುವ ದೋಣಿಗಳೂ ಹಾಯಿದೋಣಿಗಳೂ ಕಾಣಿಸಿಕೊಂಡವು. ಗಾಳದ ವಿನೋದಕ್ಕಾಗಿ 1858ರಲ್ಲಿ ರಾಮ್ಸೆ ಸಾಹೇಬನು ಗೌಲಾ ನದಿಯ ಮಾಹಸೀರ್ ಮೀನಿನ ಮರಿಗಳನ್ನು ತರಿಸಿ ಬಿಡಿಸಿದನು. ಮಾಹಸೀರ್ ಜಾತಿಯು ನಮ್ಮ ಕಾವೇರಿ ತುಂಗೆಗಳಲ್ಲಿಯೂ ಉಂಟು. ಶೃಂಗೇರಿಯ ಮಠದ ಮುಂದಣ ತುಂಗೆಯಲ್ಲಿ ಮೀನುಗಳಿಗೆ ಅಭಯವಿದೆ. ಯಾತ್ರಿಕರು ಅವುಗಳಿಗೆ ಮಂಡಕ್ಕಿಯನ್ನು ಚೆಲ್ಲುವರು, ಯಾರೂ ಗಾಳ ಹಾಕರು. ಗಾಳದ ವಿನೋದವನ್ನು ಸಾರಾಸಗಟಾಗಿ ಹಳಿಯಬೇಕಾಗಿಲ್ಲ. ಗಂಟೆಗಟ್ಟಲೆ ನಿಶ್ಶಬ್ದವಾಗಿ ನೀರನ್ನೇ ನೋಡುತ್ತ ಕುಳಿತವನು ಒಂದು ಬಗೆಯ ಏಕಾಗ್ರತೆಯನ್ನು ಅಭ್ಯಾಸಮಾಡುವನು. ಆದರೆ ಒಂದು ದಡದಲ್ಲಿ ಅಭಯವನ್ನೂ ಮತ್ತೊಂದು ದಡದಲ್ಲಿ ಗಾಳವನ್ನೂ ಪಡೆದ ಒಂದೇ ಕುಲದ ಮೀನನ್ನು ನೆನೆದರೆ, ನೀರಿನ ಗತಿಯನ್ನು ನಿರ್ಣಯಿಸುವುದು ದಡದಲ್ಲಿ ನಿಂತವನ ಮನಸ್ಸೇ ಎಂಬುದು ಸ್ಪಷ್ಟವಾಗುವುದು.

ಎಲ್ಲರೂ ನೀರನ್ನು ನೋಡಿದರು; ಬೆಟ್ಟವನ್ನು ನೋಡಿದವರು ವಿರಳ. ಮನೆಗಳಿಗಾಗಿ ಇಳಿಜಾರನ್ನು ಕಡಿದು ಮಟ್ಟಮಾಡಿದುದರಿಂದಲೂ, ಮರಗಳು ಹೋದುದರಿಂದಲೂ ಮಳೆಯ ನೀರು ಪದರುಗಲ್ಲಿನ ಬಿರುಕುಗಳಲ್ಲಿ ಇಳಿಯತೊಡಗಿತು. 1866ರಲ್ಲಿ ಒಂದು ಸಾರಿ, 1879ರಲ್ಲಿ ಮತ್ತೊಂದು ಸಾರಿ ಇಳಿಜಾರು ಜರಿದು ಎಚ್ಚರಿಸಿತು. 1880ನೆಯ ಸೆಪ್ಟೆಂಬರ್ ತಿಂಗಳಲ್ಲಿ ಎರಡು ದಿನ ಎಡೆಬಿಡದೆ ಮಳೆ ಸುರಿಯಿತು. 18ನೆಯ ತಾರೀಖು ಶನಿವಾರ ಬೆಳಗ್ಗೆ ವಿಕ್ಟೋರಿಯಾ ಹೋಟೆಲಿನ ಹಿಂದಣ ಬೆಟ್ಟದ ಒಂದು ಭಾಗವು ಕುಸಿದು ಕೆಲವರನ್ನು ಹೂತುಹಾಕಿತು. ಅವರನ್ನು ಎತ್ತಲು ಸಿಪಾಯಿಗಳೂ ಅಧಿಕಾರಿಗಳೂ ಕೂಲಿಗಳೂ ಧಾವಿಸಿದರು. ಮಧ್ಯಾಹ್ನ ಅವರು ಅಗೆಯುತ್ತಿದ್ದಂತೆಯೇ ಇಡಿಯ ಇಳಿಜಾರು ಸಡಿಲಿ, ಕೆಲವೇ ಕ್ಷಣಗಳಲ್ಲಿ ಹೋಟೆಲು, ಅಂಗಡಿ, ಸಭಾಗೃಹ, ದೇವಿಯ ಗುಡಿ ಎಲ್ಲವನ್ನೂ ಕೊಚ್ಚಿಕೊಂಡು ಸರೋವರಕ್ಕೆ ನುಗ್ಗಿತು. ದೊಡ್ಡ ತೆರೆಯೊಂದು ಎದ್ದು ತಲ್ಲೀತಾಲದ ಕಡೆಗೆ ಹೊರಳಿತು. ಸತ್ತವರು 151 ಮಂದಿ. ಅವರಲ್ಲಿ 43 ಮಂದಿ ಯುರೋಪಿಯನರು ಮತ್ತು ಯುರೇಷಿಯನರು, 108 ಮಂದಿ ಭಾರತೀಯರು. ಪರರನ್ನು ಉಳಿಸಲು ಹೋಗಿ ಪ್ರಾಣವನ್ನಿತ್ತವರು ಅವರಲ್ಲಿ ಅನೇಕರು. ಕುಸಿದ ಮಣ್ಣಿನಿಂದ ಹಿಗ್ಗಿದ ಬಯಲೇ ಇಂದು ಮಕ್ಕಳು ಆಟವಾಡುವ ಮೈದಾನ.

ಈ ಅನರ್ಥದಿಂದ ಅಂದಿನ ಆಡಳಿತವು ಪಾಠ ಕಲಿತುದನ್ನು ಪಕ್ಷಪಾತವಿಲ್ಲದೆ ಒಪ್ಪಬೇಕು. ಬೆಟ್ಟಗಳ ಮೈಮೇಲೆ ಮಳೆಯ ನೀರು ಇಂಗಿ ಒಳಗಿಳಿಯದಂತೆ ಹಿಡಿದು ಸರೋವರಕ್ಕೆ ತರುವ ಕಲ್ಲುಗಟ್ಟಡದ ಕಾಲುವೆಗಳನ್ನು ಜಾಲದಂತೆ ಕಟ್ಟಿಸಿದರು. ಅಪಾಯದ ಇಳಿಜಾರುಗಳಲ್ಲಿ ಮನೆ ಕಟ್ಟುವುದಕ್ಕೆ ನಿರ್ಬಂಧಗಳು ಬಂದವು. ದೇವಿಯ ಗುಡಿಯೂ ದಡದಲ್ಲಿಯೇ ಮತ್ತೆ ಎದ್ದಿತು. ದೋಣಿಯ ಸುಖಕ್ಕೆ ಆಧಾರವಾಗಿರುವುದು ಈ ಕಾಲುವೆಗಳು. ವಿಹಾರಿಗಳಾದರೋ ಅವುಗಳನ್ನು ದಾಟಿಕೊಂಡು ಹೋಗುವರೇ ಹೊರತು ನಿಂತು ನೋಡುವುದಿಲ್ಲ.

ಸ್ವಾತಂತ್ರ್ಯಾನಂತರ ಸರೋವರವು ಎಲ್ಲರದಾಯಿತು. ಇದು ಸಂತೋಷದ ಸಂಗತಿ. ಎಲ್ಲರದಾದ ವಸ್ತುವು ಯಾರದೂ ಅಲ್ಲದಂತಾಗುವುದು ಮಾತ್ರ ಶೋಚನೀಯ. ಊರಿನ ಕೊಳೆ ನೀರಿಗೆ ಸೇರಿ, ಆಳದಲ್ಲಿ ಪ್ರಾಣವಾಯು ಕುಂದಿತು; ಚಳಿಗಾಲದಲ್ಲಿ ಮೇಲಣ ನೀರು ತಣ್ಣಗಾಗಿ ಕೆಳಗಿಳಿದು ತಳದ ನೀರು ಮೇಲೇಳುವಾಗ ಮೀನುಗಳು ರಾಶಿಯಾಗಿ ಸಾಯುವುದು ಕಂಡುಬಂದಿತು. ಅದಕ್ಕಾಗಿ 2007ರಿಂದ ಯಂತ್ರಗಳ ಮೂಲಕ ತಳಕ್ಕೆ ಗಾಳಿಯನ್ನು ಊದಲಾಗುತ್ತಿದೆ. ಮಳೆಗಾಲದಲ್ಲಿ ಮಾತ್ರ ತುಂಬಿ, ನೆಲದೊಳಗಿನಿಂದ ಸರೋವರಕ್ಕೆ ನೀರೂಡುವ ಸೂಖಾತಾಲವೆಂಬ ಮೇಲಣ ತಗ್ಗನ್ನು ಕಟ್ಟಡಗಳು ಒತ್ತಿದವು. 2017ರ ಬೇಸಗೆಯಲ್ಲಿ ಸರೋವರದ ನೀರು ಇಳಿದು ಅಂಚಿನ ನೆಲವೆಲ್ಲ ಬಯಲಾಯಿತು. ವಿಹಾರಕ್ಕೆ ಬಂದವರಿಗೆ ಅದೊಂದು ಕುತೂಹಲವಾಗಿದ್ದಿರಬಹುದು. ಆ ನೀರನ್ನೇ ಕುಡಿಯುವ ಊರಿನವರಿಗೆ ಅದು ಜೀವನದ ಪ್ರಶ್ನೆ.

ತೀರ್ಥಭಾವನೆಯೊಂದೇ ಸರೋವರವನ್ನು ಕಾಪಾಡೀತೆಂದು ಹೇಳುವಂತಿಲ್ಲ. ಕುಸಿಯುವ ಬೆಟ್ಟವು ದೇವಿಯ ಗುಡಿಯನ್ನೂ ಬಿಡಲಿಲ್ಲ. ವಿಹಾರಭಾವನೆಯಿಂದಲೇ ಅದು ಕೆಟ್ಟಿತೆಂದೂ ಹೇಳಲಾಗದು; ಕಾಲುವೆಗಳನ್ನು ಕಟ್ಟಿಸಿದವರು ವಿಹಾರಿಗಳೇ. ಕಂಡುದೆಲ್ಲ ತನ್ನದಾಗಬೇಕೆಂಬ ಆಸೆಯು ಭಕ್ತನಲ್ಲಿರಲಿ, ವಿಹಾರಿಯಲ್ಲಿರಲಿ, ಒಂದೇ ಫಲವನ್ನು ಕೊಡುವುದು. ಸರೋವರದ ಆಚೆಯ ದಡದಲ್ಲಿ ಠಂಡೀ ಸಡಕ್ ಎಂಬ ನೆರಳಿನ ಕಾಲುದಾರಿಯು ಈಗಲೂ ಉಂಟು. ಮಕ್ಕಳೊಡನೆ ಅಲ್ಲಿಗೆ ಹೋಗುವ ಗೃಹಸ್ಥರು ದೋಣಿಯಲ್ಲಿ ಒಂದು ಗಳಿಗೆ ಕುಳಿತು ಸುಖಪಡಲಿ. ಅನಂತರ ಆ ದಾರಿಯಲ್ಲಿ ನಡೆಯುತ್ತ ಎದುರಿನ ಬೆಟ್ಟವನ್ನೂ ಅದರ ಮೇಲಿನ ಕಾಲುವೆಗಳನ್ನೂ ಮಕ್ಕಳಿಗೆ ತೋರಿಸಿ, ಕಲ್ಲು ಹೊತ್ತವನ ಮತ್ತು ನಡುನೀರಿನಲ್ಲಿ ರುಜುಹಾಕಿದವನ ಕಥೆಗಳನ್ನೂ ಹೇಳಲಿ. ನೀರು ಸುಮ್ಮನೆ ನಿಶ್ಚಲವಾಗಿ ನಿಂತಿರುವುದಿಲ್ಲ, ಅದನ್ನು ನಿಲ್ಲಿಸಿರುವುದು ಬೆಟ್ಟವೆಂಬುದು ಆ ಮಕ್ಕಳಿಗೆ ತಿಳಿದರೆ ಪ್ರವಾಸವು ಸಾರ್ಥಕವಾದಂತೆಯೇ ಸರಿ.