ತಗ್ಗಿಸಿದ ಶ್ರುತಿ

ರಜೆಗೆ ಬಂದಿದ್ದ ನಮ್ಮ ಅಣ್ಣನ ಮಗ ಕಂಪ್ಯೂಟರಿನ ಮುಂದೆ ಕೂತು 'ಮಿಕ್ಸಿಂಗ್' ಕಲಿಯುತ್ತಿದ್ದ. ಬೇರೆ ಬೇರೆಯಾಗಿ ಧ್ವನಿಮುದ್ರಿಸಿದ ಗಿಟಾರು, ಡ್ರಮ್ಮು, ಕಂಠಗಳನ್ನು ಹದವಾಗಿ ಬೆರೆಸುವ ಕೆಲಸವದು. ಅಡುಗೆಮನೆಗೆ ಕೇಳುತ್ತಿದ್ದುದು ಮಾತ್ರ ಕಲ್ಲು ಒಡೆಯುವ ಯಂತ್ರದ ಸದ್ದು. "ಅತ್ತೆ, ಎಲ್ಲ ಜೋರು ಮಾಡಿದರೂ ಹಾಡಿಗೆ ಭಾರವೇ ಬರುತ್ತಿಲ್ಲ" ಎಂದು ಮುಖ ಸಣ್ಣದು ಮಾಡಿಕೊಂಡ. ಈ ಭಾರದ ಸಂಗೀತ ಹುಟ್ಟಿದ್ದೆಲ್ಲಿ ಎಂದು ಕೇಳಿದೆ. ಅವನು ಹೇಳಿದ್ದು, ಆಮೇಲೆ ನಾನು ಓದಿದ್ದು ಸೇರಿ ಒಂದು ಕಥೆಯಾಯಿತು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. 1965ರಲ್ಲಿ ಅಲ್ಲಿನ ತಗಡಿನ ಕಾರ್ಖಾನೆಯೊಂದರಲ್ಲಿ ಟೋನಿ ಐಯೋಮಿ ಎಂಬ 17ರ ಹುಡುಗ ದುಡಿಯುತ್ತಿದ್ದ. ಗಿಟಾರು ನುಡಿಸಿಯೇ ಬದುಕುವೆನೆಂದು ಕೆಲಸ ಬಿಟ್ಟಿದ್ದ. ಅದೇ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಬಂದವನು ಮತ್ತೆ ಹೋಗುವುದಿಲ್ಲವೆಂದ. ದಿನದ ಕೆಲಸ ಸರಿಯಾಗಿ ಮುಗಿಸಿ ಬಾ ಎಂದು ತಾಯಿ ಕಳಿಸಿದರು. ಹೋದವನು ಬೇರೊಬ್ಬರ ಯಂತ್ರದ ಮುಂದೆ ನಿಂತ. ಬಲಗೈಯ ನಡುಬೆರಳು, ಉಂಗುರಬೆರಳುಗಳ ತುದಿ ಹೋದವು. ಹುಡುಗ ಎಡಚ, ತಂತಿ ಒತ್ತಬೇಕಾದದ್ದು ಆ ಬಲಗೈಯೇ. ತಾಯಿ ಹೇಳಿದ್ದು ತಪ್ಪೇ? ತರಗತಿಯಲ್ಲಿ ಆ ಮಾತನ್ನು ನಾನೇ ಎಷ್ಟು ಸಲ ಹೇಳಿಲ್ಲ!

ಕಾರ್ಖಾನೆಯ ಮ್ಯಾನೇಜರು ಒಂದು ಗ್ರಾಮಫೋನ್ ತಟ್ಟೆ ತಂದು ಕೇಳಿಸಿದರು. ನುಡಿಸಿದವನು ಜ್ಯಾಂಗೋ ರೈನ್‌ಹಾರ್ಟ್. 1928ರ ಬೆಂಕಿಯಲ್ಲಿ ಎಡಗೈಯ ಎರಡು ಬೆರಳು ಊನವಾದರೂ ಗಿಟಾರು ಬಿಡದವನು. ಹುಡುಗನಿಗೆ ಧೈರ್ಯ ಬಂತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿ, ಚರ್ಮ ಅಂಟಿಸಿಕೊಂಡ. ತೆಳು ತಂತಿ ಹಾಕಿದ. ಮುಂದೆ ತಂತಿಯ ಬಿಗಿಯನ್ನೂ ಸಡಿಲಿಸಿದ. 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯ ಹಲವು ಹಾಡುಗಳಲ್ಲಿ ಶ್ರುತಿ ಒಂದೂವರೆ ಸ್ವರ ತಗ್ಗಿದೆ. ನೊಂದ ಬೆರಳಿಗೆ ಹಗುರವಾಗಿದ್ದು ಕೇಳುವ ಕಿವಿಗೆ ಭಾರವಾಯಿತು!

ಅವರ 'ಬ್ಲ್ಯಾಕ್ ಸಬ್ಬತ್' ತಂಡದ ಮೊದಲ ಧ್ವನಿಮುದ್ರಿಕೆಯನ್ನು 1969ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಒಂದೇ ದಿನದಲ್ಲಿ ನುಡಿಸಿ ಮುಗಿಸಿದರು. 1970ರ ಫೆಬ್ರವರಿ 13ರಂದು ಅದು ಹೊರಬಂತು. ಆರಂಭಕ್ಕೆ ಮಳೆ, ಗುಡುಗು, ಗಂಟೆಯ ಸದ್ದು ಸೇರಿಸಿದ್ದು ಬಿಟ್ಟರೆ ಮೇಲೆ ಪೇರಿಸಿದ್ದು ಬಹಳ ಕಡಿಮೆ.

ನಮ್ಮ ಹುಡುಗನ ತಪ್ಪು ಇಲ್ಲೇ ಇತ್ತು. ಮರುದಿನ ಅವನ ಸ್ನೇಹಿತ ಬಂದು ತಿದ್ದಿದ. ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಬೇಸ್ ಗಿಟಾರಿನದು 41 ಸಲ. ಶ್ರುತಿ ತಗ್ಗಿಸಿದಷ್ಟೂ ಇವೆರಡೂ ಕೆಳಗೇ ಒತ್ತರಿಸಿ ಮಸುಕಾಗುತ್ತವೆ. ಆದ್ದರಿಂದ ಗಿಟಾರಿನ ತಳದ ಗುಂಯ್‌ಗುಡುವಿಕೆಯನ್ನು ಕತ್ತರಿಸಿ ಆ ಜಾಗ ಬೇಸಿಗೆ ಬಿಟ್ಟ. ಗೊರಗೊರ ಎನ್ನಿಸುವ ಡಿಸ್ಟಾರ್ಷನ್ ತಗ್ಗಿಸಿದ. ಒಂದೇ ಭಾಗವನ್ನು ಎರಡು ಸಲ ನುಡಿಸಿ, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಟ್ಟು, ಕಂಠವನ್ನು ನಡುವೆ ಕೂರಿಸಿದ. ಸಣ್ಣ ದನಿಯಲ್ಲಿ ಕೇಳಿ ನೋಡು ಎಂದ. ಸಾರಿಗೆ ಕೈಗೆ ಸಿಕ್ಕಿದ್ದೆಲ್ಲ ಹಾಕಿದರೆ ರುಚಿ ಬರುವುದಿಲ್ಲವೆಂದು ನಮಗೆ ಗೊತ್ತಿಲ್ಲವೇ? ಆ ಸಂಜೆ ಅಡುಗೆಮನೆಯಲ್ಲಿ ನನಗೂ ಪ್ರತಿ ವಾದ್ಯ ಬೇರೆಬೇರೆ ಕೇಳಿಸಿತು.

2025ರ ಜುಲೈ 5ರಂದು ಆ ತಂಡದ ನಾಲ್ವರೂ ತಮ್ಮೂರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಕೊನೆಯ ಬಾರಿ ಕೂಡಿ ನುಡಿಸಿದರು. ಅದೇ ತಿಂಗಳ 22ರಂದು ಗಾಯಕ ಓಝಿ ಆಸ್ಬರ್ನ್ ತೀರಿಕೊಂಡರು.

ಹುಡುಗ ಊರಿಗೆ ಹೊರಟಾಗ, "ಹಿಡಿದ ಕೆಲಸ ಮುಗಿಸಪ್ಪ" ಎನ್ನಲು ಬಾಯಿ ತೆರೆದೆ. ಆ ತಾಯಿ ನೆನಪಾದರು. ಆದರೂ ಹೇಳಿಯೇಬಿಟ್ಟೆ. "ಕೈ ಜೋಪಾನ" ಎಂದೂ ಸೇರಿಸಿದೆ.